ರಾತ್ರಿಗೆ ಕಾಫಿ, ಬ್ರೆಡ್ಡು, ಜಾಮು ಅಷ್ಟೇ ಸಾಕಾ?

ಸ್ವಿಟ್ಜರ್ಲೆಂಡಿನಲ್ಲಿ ವಯಸ್ಸಾದವರಿಗೆ ಊಟದ ಸಲಹೆ ಕೊಡುವುದು ನನ್ನ ಕೆಲಸ. ಮಧ್ಯಾಹ್ನದ ಊಟದ ಬಗ್ಗೆ ನನಗೆ ಅಷ್ಟೊಂದು ಚಿಂತೆ ಇಲ್ಲ. ಏನಾದರೂ ಬಿಸಿಯಾಗಿ ಬೇಯಿಸಿಕೊಳ್ಳುತ್ತಾರೆ, ಆಗದಿದ್ದರೆ ಮನೆಗೇ ಊಟ ತಂದುಕೊಡುವ ಸೇವೆ ಇದೆ. ತೊಂದರೆ ಇರೋದು ರಾತ್ರಿಯಲ್ಲಿ. ಇಲ್ಲಿ ಬಹಳ ಹಿರಿಯರು ರಾತ್ರಿಗೆ ಒಲೆ ಹಚ್ಚುವುದಿಲ್ಲ. ಹಾಲು ಹಾಕಿದ ಕಾಫಿ, ಬ್ರೆಡ್ಡು, ಬೆಣ್ಣೆ, ಜಾಮು, ಜೊತೆಗೆ ಚೀಸು. ಇದಕ್ಕೆ 'ಕಾಫೆ ಕಂಪ್ಲೆ' ಅಂತಾರೆ. ಹಲ್ಲು ಹೋದಂತೆ, ಹಸಿವು ಕಡಿಮೆಯಾದಂತೆ ಮೊದಲು ಬಿಟ್ಟುಹೋಗೋದು ಚೀಸು. ಉಳಿಯೋದು ಜಾಮು!

65 ದಾಟಿದವರಿಗೆ ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. 60 ಕೆಜಿಯವರಿಗೆ 60–72 ಗ್ರಾಂ ಆಯ್ತು. ಎರಡು ಸ್ಲೈಸ್ ಬ್ರೆಡ್ಡು, ಒಂದು ಕಪ್ ಕಾಫಿಯಲ್ಲಿ ಸಿಗೋದು ಹೆಚ್ಚೆಂದರೆ ಹತ್ತು ಗ್ರಾಂ. ದಿನಾ ಹೀಗೇ ಆದರೆ ಸ್ನಾಯು ಕರಗುತ್ತದೆ, ಕುರ್ಚಿಯಿಂದ ಏಳೋದೇ ಕಷ್ಟವಾಗುತ್ತದೆ. (ಕಿಡ್ನಿ ತೊಂದರೆ ಇದ್ದವರಿಗೆ ಈ ಲೆಕ್ಕ ಬೇರೆ, ಡಾಕ್ಟರನ್ನೇ ಕೇಳಿ.)

ಹಾಗಂತ ಎಂಬತ್ತರ ಅಜ್ಜಿಗೆ ಪ್ರೋಟೀನ್ ಪೌಡರ್ ಡಬ್ಬ ಕೊಟ್ಟರೆ ಅದು ಕಪಾಟಿನಲ್ಲೇ ಕೂತಿರುತ್ತದೆ. ಅವರು ಚಿಕ್ಕಂದಿನಿಂದ ತಿಂದಿದ್ದನ್ನೇ ಸ್ವಲ್ಪ ಬದಲಿಸಿ ಕೊಡಬೇಕು. ಬಿರ್ಖರ್ ಮ್ಯೂಸ್ಲಿ ತಗೊಳ್ಳಿ. 1900ರ ಸುಮಾರಿಗೆ ಜ್ಯೂರಿಕ್‌ನ ಡಾಕ್ಟರ್ ಬಿರ್ಖರ್-ಬೆನ್ನರ್ ಮಾಡಿದ ಮೂಲ ತಿನಿಸಿನಲ್ಲಿ ಸೇಬೇ ಮುಖ್ಯ. ಒಂದು ದೊಡ್ಡ ಸೇಬು ತುರಿದು, ನೆನೆಸಿಟ್ಟ ಓಟ್ಸ್ ಒಂದೇ ಚಮಚ, ನಿಂಬೆರಸ, ಸಿಹಿ ಗಟ್ಟಿ ಹಾಲು, ಪುಡಿ ಮಾಡಿದ ಬಾದಾಮಿಯಂಥ ಬೀಜ. ಅಗಿಯೋಕೆ ಸುಲಭ, ಆದರೆ ಪ್ರೋಟೀನ್ ಸಾಲದು. ಅದಕ್ಕೇ ನಾನು ಓಟ್ಸ್ ಜಾಸ್ತಿ ಮಾಡಿಸಿ 150 ಗ್ರಾಂ ಕ್ವಾರ್ಕ್ ಸೇರಿಸಿ ಅನ್ನುತ್ತೇನೆ. ನೀರು ಬಸಿದ ಗಟ್ಟಿ ಮೊಸರಿನಂಥದ್ದು, ಅದರಲ್ಲೇ 15 ಗ್ರಾಂಗಿಂತ ಜಾಸ್ತಿ ಪ್ರೋಟೀನ್ ಬರುತ್ತದೆ. ಬೀಜ ಮಾತ್ರ ಪುಡಿಯೇ ಇರಲಿ.

ಚಳಿಗಾಲಕ್ಕೆ ಇಲ್ಲಿನ ಗ್ರೌಬ್ಯುಂಡನ್ ಪ್ರಾಂತ್ಯದ ಕಡೆಯ ಬಾರ್ಲಿ ಸೂಪ್. ಬಾರ್ಲಿ, ಕ್ಯಾರೆಟ್, ಲೀಕ್ (ಈರುಳ್ಳಿ ಜಾತಿಯ ತರಕಾರಿ), ಸೆಲರಿ, ಸಣ್ಣಗೆ ಹೆಚ್ಚಿದ ಒಣಮಾಂಸ, ಕೊನೆಗೆ ಸ್ವಲ್ಪ ಕ್ರೀಮ್. ಒಣಮಾಂಸದಲ್ಲೇ ಉಪ್ಪಿದೆ, ಮತ್ತೆ ಹಾಕಬೇಡಿ. ನಾನಂತೂ ಬೇಯಿಸಿದ ಬಿಳಿ ಬೀನ್ಸನ್ನೂ ಹಾಕಿಸುತ್ತೇನೆ. ಒಂದು ದೊಡ್ಡ ಪಾತ್ರೆ ಮಾಡಿ ಡಬ್ಬಗಳಲ್ಲಿ ಫ್ರೀಜ್ ಮಾಡಿಟ್ಟರೆ ರಾತ್ರಿ ಬಿಸಿ ಮಾಡಿದರೆ ಸಾಕು.

ಎಲ್ಪ್ಲರ್‌ಮಾಗ್ರೋನೆನ್ ಅಂದರೆ ಮ್ಯಾಕರೋನಿ, ಆಲೂಗಡ್ಡೆ, ಚೀಸು, ಕ್ರೀಮ್, ಪಕ್ಕದಲ್ಲಿ ಬೇಯಿಸಿ ಮಸೆದ ಸೇಬು. ಇದನ್ನು ನೋಡಿ 'ಅಯ್ಯೋ, ಎಷ್ಟು ಕೊಬ್ಬು' ಅಂತ ಗಾಬರಿಯಾಗೋದು ಮಕ್ಕಳೇ. ಆರು ತಿಂಗಳಲ್ಲಿ 60 ಕೆಜಿಯಿಂದ 57ಕ್ಕೆ ಇಳಿದ ಅಮ್ಮನಿಗೆ ಕೊಬ್ಬಿಲ್ಲದ ಹಾಲು ಕೊಟ್ಟು ಏನು ಸಾಧಿಸ್ತೀರಿ? ಕ್ರೀಮ್ ಹಾಕಿ, ತಿನ್ನಲಿ. ಅಷ್ಟು ತೂಕ ತಾನಾಗೇ ಇಳಿದಿದ್ದರೆ ಡಾಕ್ಟರಿಗೂ ತೋರಿಸಿ.

ಇಲ್ಲಿರುವ ನಮ್ಮ ಕನ್ನಡದವರ ಮನೆಗೆ ಬರುವ ಸಸ್ಯಾಹಾರಿ ಅಪ್ಪ-ಅಮ್ಮಂದಿರಿಗೆ ಒಂದು ಮಾತು ಹೇಳಿಬಿಡಿ. ಗ್ರೂಯೇರ್, ಸ್ಬ್ರಿಂಟ್ಸ್‌ನಂಥ ಚೀಸಿಗೆ ಹಾಲು ಒಡೆಸೋದು ಕರುವಿನ ಹೊಟ್ಟೆಯ ರೆನ್ನೆಟ್‌ನಿಂದ. ಬೇಡ ಅನ್ನುವವರು ಲೇಬಲ್ ನೋಡಿ ಬೇರೆ ಚೀಸ್ ತಗೊಳ್ಳಲಿ, ಮ್ಯಾಕರೋನಿ ಅದರಲ್ಲೂ ಚೆನ್ನಾಗೇ ಆಗುತ್ತದೆ.