ಚೀಲದಲ್ಲಿ 118 ಕಾಯಿ

2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ದರ ಇಳಿಯಿತು. ಅಲ್ಲಿಂದ ಒಂದು ವಾರ ನನ್ನ ಫೋನಿಗೆ ಬಿಡುವೇ ಇರಲಿಲ್ಲ. ತಿಪಟೂರಿನಲ್ಲಿ ಮೂವತ್ತು ನಲವತ್ತು ಅಂಗಡಿಗಳ ಲೆಕ್ಕ ನೋಡಿಕೊಳ್ಳುವುದು ನನ್ನ ಕೆಲಸ. ಕಿರಾಣಿ, ಫ್ಯಾನ್ಸಿ, ಎಲೆಕ್ಟ್ರಿಕಲ್, ಎರಡು ಬಟ್ಟೆ ಅಂಗಡಿ. ಎಲ್ಲರದೂ ಒಂದೇ ಗೋಳು. "ಮೇಡಂ, ಗಿರಾಕಿಗಳು ಜಗಳಕ್ಕೇ ಬರ್ತಿದ್ದಾರೆ."

ಜಗಳ ತುಪ್ಪದ್ದು. ತುಪ್ಪದ ಮೇಲಿನ ತೆರಿಗೆ 12ರಿಂದ 5 ಪರ್ಸೆಂಟಿಗೆ ಬಂದಿತ್ತು. ಲೀಟರಿಗೆ 650 ರೂಪಾಯಿ ಇದ್ದ ನಂದಿನಿ ತುಪ್ಪ 610 ಆಯಿತು. ಗಿರಾಕಿ ಅಂಗಡಿ ಕಟ್ಟೆಯ ಮೇಲೇ ಮೊಬೈಲ್ ತೆಗೆದು ಗುಂಡಿ ಒತ್ತುತ್ತಾನೆ. ಹನ್ನೆರಡರಲ್ಲಿ ಐದು ಹೋದರೆ ಏಳು. 650ರ 7 ಪರ್ಸೆಂಟ್ ಅಂದರೆ 45 ರೂಪಾಯಿ 50 ಪೈಸೆ. "ಹಂಗಾದ್ರೆ 604 ಚಿಲ್ಲರೆ ಆಗ್ಬೇಕಿತ್ತು. ಮಿಕ್ಕ ಐದು ರೂಪಾಯಿ ಯಾರ ಜೇಬಿಗೆ ಹೋಯ್ತು?"

ಯಾರ ಜೇಬಿಗೂ ಹೋಗಿಲ್ಲ. ಆ 12 ಪರ್ಸೆಂಟ್ 650ರ ಮೇಲೆ ಹಾಕಿದ್ದೇ ಅಲ್ಲ. ತೆರಿಗೆ ಸೇರುವ ಮುಂಚಿನ ಬೆಲೆಯ ಮೇಲೆ ಹಾಕಿದ್ದು. ಆ ಬೆಲೆ 580 ರೂಪಾಯಿ 36 ಪೈಸೆ. ಅದಕ್ಕೆ 12 ಪರ್ಸೆಂಟ್ ಸೇರಿಸಿದರೆ 650. ಅದಕ್ಕೇ 5 ಪರ್ಸೆಂಟ್ ಸೇರಿಸಿದರೆ 609 ರೂಪಾಯಿ 38 ಪೈಸೆ. 610 ಸರಿಯಾಗೇ ಇದೆ. ತೆರಿಗೆ ಮುಂಚಿನ ಬೆಲೆ 100 ಅಂದುಕೊಂಡರೆ, 112 ಇದ್ದದ್ದು 105 ಆಗಿದೆ, ಅಷ್ಟೇ. 112ರಲ್ಲಿ 7 ಅಂದರೆ ಆರೂಕಾಲು ಪರ್ಸೆಂಟ್, ಏಳಲ್ಲ. ಎ.ಸಿ.ಗೂ ಹೀಗೇ ಆಯಿತು. ತೆರಿಗೆ 28ರಿಂದ 18ಕ್ಕೆ ಇಳಿಯಿತು ಅಂತ ಬೆಲೆಯಲ್ಲೂ 10 ಪರ್ಸೆಂಟ್ ಕೇಳಿದವರೇ ಜಾಸ್ತಿ. 128 ಹೋಗಿ 118 ಬಂದರೆ ಇಳಿಯುವುದು 7.8 ಪರ್ಸೆಂಟ್. ಇದು ಬರೀ ತೆರಿಗೆಯ ಲೆಕ್ಕ, ನೆನಪಿರಲಿ. ಕಂಪನಿ ಮೂಲ ಬೆಲೆಯನ್ನೇ ಏರಿಸಿದರೆ, ಇಳಿಸಿದರೆ ಅದು ಬೇರೆ ಮಾತು.

ಗಿರಾಕಿಗಳನ್ನು ಬಿಡಿ, ಅವರಿಗೆ ಇದು ವರ್ಷಕ್ಕೊಮ್ಮೆಯ ತಲೆನೋವು. ನನ್ನ ತಲೆ ಕೆಡಿಸುವವರು ಅಂಗಡಿಯವರು. ಇದೇ ತಪ್ಪನ್ನು ಅವರು ದಿನಾ ಮಾಡುತ್ತಾರೆ, ಅದೂ ಸ್ವಂತ ದುಡ್ಡಿನಲ್ಲಿ.

ಮಿಕ್ಸಿ, ಫ್ಯಾನು ಮಾರುವ ಒಬ್ಬ ಯಜಮಾನರಿದ್ದಾರೆ. ಅರವತ್ತು ದಾಟಿದೆ. ಕಂಪ್ಯೂಟರ್ ಬಿಲ್ ಬೇಡ ಅಂತಾರೆ, ಕೈಬಿಲ್ಲೇ. ಗಿರಾಕಿ ಹತ್ತಿರ ಚೌಕಾಸಿ ಮಾಡಿ, ತೆರಿಗೆ ಎಲ್ಲಾ ಸೇರಿ ಇಷ್ಟು ಅಂತ ಒಂದು ರೇಟಿಗೆ ಕೊಡುತ್ತಾರೆ. ಸಂಜೆ ಕೂತು ಅದರೊಳಗಿನ ಜಿಎಸ್‌ಟಿ ಬೇರೆ ಮಾಡುತ್ತಾರೆ. ಒಂದು ಫ್ಯಾನು 1,180ಕ್ಕೆ ಹೋಯಿತು ಅನ್ನಿ. ಕ್ಯಾಲ್ಕುಲೇಟರಿನಲ್ಲಿ 1180, ಮೈನಸ್, 18, ಪರ್ಸೆಂಟ್ ಗುಂಡಿ. 967 ರೂಪಾಯಿ 60 ಪೈಸೆ ಅಂತ ತೋರಿಸುತ್ತದೆ. ಅದು ಸಾಮಾನಿನ ಬೆಲೆ, ಮಿಕ್ಕ 212 ರೂಪಾಯಿ 40 ಪೈಸೆ ತೆರಿಗೆ ಅಂತ ನೋಟ್‌ಬುಕ್ಕಿನಲ್ಲಿ ಬರೆದಿರುತ್ತಾರೆ. ದುಂಡು ಅಕ್ಷರ, ಒಂದು ಕಾಟು ಇಲ್ಲ. ಎಲ್ಲಾ ತಪ್ಪು.

ನಿಜವಾದ ಲೆಕ್ಕ 1,000 ಮತ್ತು 180. ಒಂದು ಫ್ಯಾನಿಗೆ 32 ರೂಪಾಯಿ 40 ಪೈಸೆ ಸುಮ್ನೆ ಸರ್ಕಾರಕ್ಕೆ ಬರೆದುಕೊಟ್ಟ ಹಾಗಾಯಿತು. ತಿಂಗಳಿಗೆ 2,36,000ದ ವ್ಯಾಪಾರ ಅಂದುಕೊಳ್ಳಿ. ತೆರಿಗೆ 36,000. ಇವರ ನೋಟ್‌ಬುಕ್ಕಿನಲ್ಲಿ 42,480. ಹತ್ತು ರೂಪಾಯಿಗೆ ಗಿರಾಕಿ ಹತ್ತಿರ ಕಾಲು ಗಂಟೆ ವಾದ ಮಾಡುವ ಮನುಷ್ಯ, 6,480 ರೂಪಾಯಿ ಬಿಟ್ಟುಕೊಡಲು ಕೂತಿದ್ದರು!

ಹೇಳಿದೆ. 18ರಿಂದ ಗುಣಿಸಿ, 118ರಿಂದ ಭಾಗಿಸಿ ಅಂತ. "118 ಎಲ್ಲಿಂದ ಬಂತು ಮೇಡಂ? ಸರ್ಕಾರ ಹೇಳಿರೋದು 18 ಅಲ್ವಾ?" ಕಾಗದದ ಮೇಲೆ ಬರೆದು ತೋರಿಸಿದೆ. ತಲೆ ಆಡಿಸಿದರು. ಮುಂದಿನ ತಿಂಗಳು ಮತ್ತೆ ಅದೇ. ಮೂರನೇ ತಿಂಗಳು ನನಗೂ ಸಿಟ್ಟು ಬಂತು.

ಕೊನೆಗೆ ದಾರಿ ತೋರಿಸಿದ್ದು ಅವರ ತೋಟವೇ. ಅವತ್ತು ಅಂಗಡಿಯ ಹಿಂದೆ ಕಾಯಿ ಚೀಲ ಇಳಿಸಿದ್ದರು. "ಯಜಮಾನ್ರೇ, ನೂರು ಕಾಯಿ ನಿಮ್ದು. ಅದರ ಜೊತೆಗೆ ಸರ್ಕಾರದ 18 ಕಾಯಿ ಇದೇ ಚೀಲಕ್ಕೆ ಹಾಕಿದೀನಿ. ಈಗ ಚೀಲದಲ್ಲಿ ಎಷ್ಟು?"

"ನೂರ ಹದಿನೆಂಟು."

"ಸರ್ಕಾರದವರು ಬಂದ್ರು. ಎಷ್ಟು ಕಾಯಿ ಕೊಡ್ತೀರಿ?"

"ಹದಿನೆಂಟು."

"ನಿಮ್ಮ ಕ್ಯಾಲ್ಕುಲೇಟರ್ ಪ್ರಕಾರ 118ಕ್ಕೆ 18 ಪರ್ಸೆಂಟ್ ಹಾಕಿ ನೋಡಿ."

ಒತ್ತಿದರು. 21.24. ಒಂದು ಗಳಿಗೆ ಅದನ್ನೇ ನೋಡಿದರು. "ಮೂರು ಕಾಯಿ ಜಾಸ್ತಿ ಹೋಗ್ತಿತ್ತಾ?" ಆಮೇಲೆ ಒಳಗಿದ್ದ ಹೆಂಡತಿಯನ್ನು ಕೂಗಿ, ನನಗೆ ಕಾಫಿ ಹೇಳಿದರು. ಮೂರು ತಿಂಗಳಿಂದ ಆ ಕಾಫಿ ಬಾಕಿ ಇತ್ತು.

5 ಪರ್ಸೆಂಟಿನ ಸಾಮಾನಿಗಂತೂ ಇನ್ನೂ ಸುಲಭ. 105ರಲ್ಲಿ 5 ಅಂದರೆ 21ರಲ್ಲಿ ಒಂದು. ಒಟ್ಟು ಮೊತ್ತವನ್ನು 21ರಿಂದ ಭಾಗಿಸಿದರೆ ಒಳಗಿರುವ ತೆರಿಗೆ ಸಿಕ್ಕಿತು. ಒಂದು ಎಚ್ಚರಿಕೆ. ಕಾಂಪೋಸಿಷನ್ ಸ್ಕೀಮಿನಲ್ಲಿರುವವರು, ಅಂದರೆ ಒಟ್ಟು ವ್ಯಾಪಾರದ ಮೇಲೆ ಸಣ್ಣದೊಂದು ಪರ್ಸೆಂಟ್ ಕಟ್ಟುವ ಚಿಕ್ಕ ವ್ಯಾಪಾರಿಗಳು, ಇದನ್ನು ಓದಿ ಲೆಕ್ಕ ಬದಲಾಯಿಸಲು ಹೋಗಬೇಡಿ. ನೀವು ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವ ಹಾಗೇ ಇಲ್ಲ, ನಿಮ್ಮ ದಾರಿ ಬೇರೆ. ಹಳೆಯ ತಿಂಗಳುಗಳ ರಿಟರ್ನ್‌ನಲ್ಲಿ ಇಂಥ ತಪ್ಪಾಗಿದ್ದರೂ ನಿಮ್ಮ ಲೆಕ್ಕದವರನ್ನು ಕೇಳದೆ ಕೈ ಹಾಕಬೇಡಿ.

ಪರ್ಸೆಂಟ್ ಅಂದ ತಕ್ಷಣ "ಯಾವುದರ?" ಅಂತ ಕೇಳಬೇಕು. ನಾನು ಇದನ್ನು ಎಷ್ಟು ಸಲ ಹೇಳಿದ್ದೇನೆ ಅಂದರೆ ನನ್ನ ಆಫೀಸಿನ ಹುಡುಗಿ ಈಗ ನಾನು ಬಾಯಿ ಬಿಡುವ ಮುಂಚೆಯೇ ನಗುತ್ತಾಳೆ. ನಮ್ಮ ಹಿರಿಯರು "ನೂರಕ್ಕೆ ಎರಡು ರೂಪಾಯಿ ಬಡ್ಡಿ" ಅನ್ನುತ್ತಿದ್ದರು. ಎಷ್ಟಕ್ಕೆ ಎಷ್ಟು ಅನ್ನುವುದು ಆ ಮಾತಿನಲ್ಲೇ ಇತ್ತು. ಆದರೆ ತಿಂಗಳಿಗೆ ಅನ್ನುವುದನ್ನು ಮಾತ್ರ ನುಂಗಿಬಿಡುತ್ತಿದ್ದರು. ಈಗಲೂ ಬ್ಯಾಂಕಿನ 12 ಪರ್ಸೆಂಟ್ ದುಬಾರಿ, ಕೈಸಾಲದ "ಎರಡು ರೂಪಾಯಿ" ಅಗ್ಗ ಅಂದುಕೊಳ್ಳುವವರಿದ್ದಾರೆ. ಆ ಎರಡು ರೂಪಾಯಿ ವರ್ಷಕ್ಕೆ 24.

ಶಾಲೆಯಲ್ಲಿ ಹೇಳಿಕೊಡುವುದಿಲ್ಲವೇ? ಕೊಡುತ್ತಾರೆ. ಚೆನ್ನಾಗೇ ಕೊಡುತ್ತಾರೆ. ಆದರೆ ಪುಸ್ತಕದ ಲೆಕ್ಕದಲ್ಲಿ ಲಾಭ ಯಾವಾಗಲೂ ಕೊಂಡ ಬೆಲೆಯ ಮೇಲೆ. 80ಕ್ಕೆ ಕೊಂಡು 100ಕ್ಕೆ ಮಾರಿದರೆ 25 ಪರ್ಸೆಂಟ್. ಮಾರ್ಕೆಟ್ಟಿಗೆ ಬಂದರೆ ಕಂಪನಿ ಸೇಲ್ಸ್‌ನವನು ಅದನ್ನೇ 20 ಪರ್ಸೆಂಟ್ ಮಾರ್ಜಿನ್ ಅನ್ನುತ್ತಾನೆ. ಅವನು ಮಾರುವ ಬೆಲೆಯ ಮೇಲೆ ಹೇಳುತ್ತಿದ್ದಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಂದೇ ಅಂಗಡಿಯಲ್ಲಿ ಪಾಲುದಾರರಾಗಿದ್ದ ಅಣ್ಣ ತಮ್ಮ ಈ ಐದು ಪರ್ಸೆಂಟಿಗೆ ನನ್ನ ಮುಂದೆಯೇ ಮಾತು ಬಿಟ್ಟಿದ್ದಾರೆ. ಅಣ್ಣ 25 ಅಂತಾನೆ, ತಮ್ಮ 20 ಅಂತಾನೆ, ಗಲ್ಲಾಪೆಟ್ಟಿಗೆಯಲ್ಲಿ ಇರುವುದು ಅದೇ ಇಪ್ಪತ್ತು ರೂಪಾಯಿ. ಬಟ್ಟೆ ಅಂಗಡಿಗಳ ಆಷಾಢದ ಬೋರ್ಡು ಗೊತ್ತಲ್ಲ, "50 + 20 ಪರ್ಸೆಂಟ್"? ಆ ಇಪ್ಪತ್ತು ಅರ್ಧ ಆದಮೇಲಿನ ಬೆಲೆಗೆ. 2,000ದ ಸೀರೆ 800ಕ್ಕೆ ಬರುತ್ತದೆ, 600ಕ್ಕಲ್ಲ.

ನಮ್ಮ ಅಕ್ಕನ ಮಗಳದೂ ಒಂದು ಕಥೆ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನ ಕಣ್ಣು ಕೆಂಪು ಮಾಡಿಕೊಂಡು ಬಂದಳು. ಕನ್ನಡದಲ್ಲಿ 125ಕ್ಕೆ 120. ತಲಾ ನೂರು ಅಂಕದ ಮಿಕ್ಕ ಐದು ಸಬ್ಜೆಕ್ಟಿನಲ್ಲಿ ಎಲ್ಲಾ ಕೂಡಿ 400. "ಚಿಕ್ಕಿ, ಕನ್ನಡ 96 ಪರ್ಸೆಂಟ್. ಆರೂ ಪರ್ಸೆಂಟ್ ಕೂಡಿ ಆರರಿಂದ ಭಾಗಿಸಿದ್ರೆ 82.67 ಬರುತ್ತೆ. ಅಪ್ಪ 83ರ ಮೇಲೆ ಬಂದ್ರೆ ಸೈಕಲ್ ಅಂದಿದ್ರು." ಕನ್ನಡಕ್ಕೆ 125 ಅಂಕ ಕಣೇ, ಅದರ ತೂಕ ಜಾಸ್ತಿ, ಆರನ್ನೂ ಒಂದೇ ತಕ್ಕಡಿಗೆ ಹಾಕಬೇಡ ಅಂದೆ. 625ಕ್ಕೆ 520. ಭಾಗಿಸಿ ನೋಡಿದಳು. 83.2. ಅಲ್ಲಿಂದಲೇ ಅಪ್ಪನಿಗೆ ಫೋನ್ ಮಾಡಿದಳು. ನನಗೆ ಥ್ಯಾಂಕ್ಸ್ ಕೂಡ ಹೇಳಲಿಲ್ಲ, ಇರಲಿ.

2025ರ ನವೆಂಬರಿನಲ್ಲಿ ತುಪ್ಪ ಮತ್ತೆ ಸುದ್ದಿಯಾಯಿತು. 610 ಇದ್ದದ್ದು 90 ರೂಪಾಯಿ ಏರಿ 700. ಯಜಮಾನರ ಅಂಗಡಿಯಲ್ಲಿ ನಾನು ಬಿಲ್ ಬುಕ್ ನೋಡುತ್ತಾ ಕೂತಿದ್ದೆ. ಪಕ್ಕದ ಅಂಗಡಿಯವರು ಬಂದು, "ಹತ್ತಿರ ಹತ್ತಿರ 15 ಪರ್ಸೆಂಟ್ ಏರಿಸಿಬಿಟ್ರು ನೋಡಿ. ಅಷ್ಟೇ ಪರ್ಸೆಂಟ್ ವಾಪಸ್ ಇಳಿಸಿದ್ರೆ ಹಳೇ ರೇಟಿಗೆ ಬರುತ್ತೆ" ಅಂದರು. ಯಜಮಾನರು ಕ್ಯಾಲ್ಕುಲೇಟರ್ ಎಳೆದುಕೊಂಡರು. 90 ಭಾಗಿಸು 610. ಬಂದದ್ದನ್ನು 700ಕ್ಕೆ ಗುಣಿಸಿ, 700ರಿಂದ ಕಳೆದರು. ಪರ್ಸೆಂಟ್ ಗುಂಡಿ ಮುಟ್ಟಲಿಲ್ಲ.

"597 ಆಗುತ್ತೆ ಕಣಯ್ಯ," ಅಂದರು. "ಇಳಿಸೋದಾದ್ರೆ ಹಂಗೇ ಇಳಿಸ್ಲಿ ಬಿಡು. ಮಧ್ಯ ನೀನು ಬಾಯಿ ಹಾಕ್ಬೇಡ."