ಮಗುವಿನ ಮಾತನ್ನು ತಿದ್ದಬೇಡಿ

ಪೋಕ್ಸೊ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಕಾಯ್ದೆ) ಕೇಸುಗಳಲ್ಲಿ ನನ್ನ ಮೇಜಿಗೆ ಬರುವ ಎಷ್ಟೋ ದೂರುಗಳಲ್ಲಿ ಈ ಥರದ ಒಂದು ವಾಕ್ಯ ಇದ್ದೇ ಇರುತ್ತದೆ. ‘ಸದರಿ ಆರೋಪಿಯು ತನ್ನ ಕಾಮತೃಷೆ ತೀರಿಸಿಕೊಳ್ಳುವ ದುರುದ್ದೇಶದಿಂದ ನನ್ನ ಅಪ್ರಾಪ್ತ ಮಗಳೊಂದಿಗೆ ಅನುಚಿತವಾಗಿ ವರ್ತಿಸಿರುತ್ತಾನೆ.’ ಸರಿ. ಆದರೆ ಅವನು ಮಾಡಿದ್ದೇನು? ಪುಟ ತಿರುಗಿಸಿ ನೋಡಿದರೂ ಉತ್ತರ ಸಿಗುವುದಿಲ್ಲ.

ಇದನ್ನು ಬರೆದದ್ದು ಮಗುವಿನ ತಂದೆ ತಾಯಿ ಅಲ್ಲ. ಪರಿಚಯದ ಯಾರೋ ಮುಖಂಡರು, ಟೈಪಿಂಗ್ ಅಂಗಡಿಯವರು, ಕೆಲವೊಮ್ಮೆ ನಮ್ಮ ಕಡೆಯವರೇ ಆದ ಜೂನಿಯರ್ ವಕೀಲರು. ಮನೆಯವರು ಓದಿ ಸಹಿ ಹಾಕಿರುತ್ತಾರೆ. ನಿಜ ಹೇಳಬೇಕೆಂದರೆ ಅವರಿಗೆ ಸಮಾಧಾನವೇ ಆಗಿರುತ್ತದೆ, ಮುಜುಗರದ ಮಾತು ಒಂದೂ ಇಲ್ಲವಲ್ಲ ಅಂತ. ‘ಅದನ್ನೆಲ್ಲ ಹೇಗೆ ಬಾಯಿಬಿಟ್ಟು ಬರೆಸೋದು ಮೇಡಂ?’ ಎಂದು ತಾಯಂದಿರು ಕೇಳುತ್ತಾರೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಬರೆಸಲೇಬೇಕು.

ಯಾಕೆಂದರೆ ಪೋಕ್ಸೊ ಕಾಯ್ದೆ ‘ಅನುಚಿತ ವರ್ತನೆ’ಗೆ ಶಿಕ್ಷೆ ಕೊಡುವುದಿಲ್ಲ. ಏನು ನಡೆಯಿತು ಎಂಬುದರ ಮೇಲೆ ಕಲಂ ಬದಲಾಗುತ್ತದೆ. ಲೈಂಗಿಕ ಉದ್ದೇಶದಿಂದ ಮುಟ್ಟಿದರೆ 7ನೇ ಕಲಂ, 3ರಿಂದ 5 ವರ್ಷ ಶಿಕ್ಷೆ. ಮುಟ್ಟದೆ ಕೆಟ್ಟ ಮಾತಾಡಿದರೆ, ಅಶ್ಲೀಲ ಚಿತ್ರ ತೋರಿಸಿದರೆ 11ನೇ ಕಲಂ. ಅತ್ಯಾಚಾರದಂಥ ಘೋರ ಕೃತ್ಯವಾದರೆ 3ನೇ ಕಲಂ, ಅದಕ್ಕೆ ಕನಿಷ್ಠವೇ 10 ವರ್ಷ. ಮಗು 12 ವರ್ಷಕ್ಕಿಂತ ಚಿಕ್ಕದಾ, ಆರೋಪಿ ನೆಂಟನಾ, ಒಮ್ಮೆ ಆಗಿದ್ದಾ ಪದೇ ಪದೇನಾ ಎನ್ನುವುದರ ಮೇಲೆ ಅಪರಾಧ ಇನ್ನೂ ಗಂಭೀರವಾಗುತ್ತದೆ. ಬಟ್ಟೆಯ ಮೇಲೆ ಮುಟ್ಟಿದರೆ 7ನೇ ಕಲಂ ಅನ್ವಯಿಸುತ್ತದಾ ಎಂಬ ಒಂದೇ ಪ್ರಶ್ನೆ ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು. ಚರ್ಮಕ್ಕೆ ಚರ್ಮ ತಾಗಬೇಕು ಎಂದಿದ್ದ ಬಾಂಬೆ ಹೈಕೋರ್ಟಿನ ತೀರ್ಪನ್ನು 2021ರ ನವೆಂಬರ್ 18ರಂದು ಅದು ರದ್ದು ಮಾಡಿತು. ಮುಖ್ಯವಾದದ್ದು ಉದ್ದೇಶ ಎಂದಿತು. ಇಷ್ಟು ಸಣ್ಣ ವಿವರದ ಮೇಲೆ ಕೇಸು ನಿಲ್ಲುವಾಗ ನಮ್ಮ ದೂರಿನಲ್ಲಿ ಇರುವುದು ‘ಅನುಚಿತವಾಗಿ’!

ಇನ್ನು ಕೆಲವರು ಪೂರ್ತಿ ಉಲ್ಟಾ. ಭಾರದ ಮಾತು ಹಾಕಿದರೆ ಕೇಸು ಗಟ್ಟಿಯಾಗುತ್ತದೆ ಅಂದುಕೊಂಡು ಮಗುವಿಗೇ ಅದನ್ನು ಬಾಯಿಪಾಠ ಮಾಡಿಸುತ್ತಾರೆ. ಏಳು ವರ್ಷದ ಮಗು ಬಂದು ‘ಲೈಂಗಿಕ ದೌರ್ಜನ್ಯ ಎಸಗಿದ’ ಎನ್ನುತ್ತದೆ. ಪಾಟಿ ಸವಾಲಿನ, ಅಂದರೆ ಎದುರು ಪಕ್ಷದ ವಕೀಲರ, ಪ್ರಶ್ನೆಗಳು ನ್ಯಾಯಾಧೀಶರ ಮೂಲಕವೇ ಮಗುವಿಗೆ ಹೋಗಬೇಕು, ಅದು ನಿಯಮ. ಅವರು ಎಷ್ಟೇ ಮೆತ್ತಗೆ ಕೇಳಿದರೂ ಪ್ರಶ್ನೆ ಪ್ರಶ್ನೆಯೇ. ‘ಹಾಗಂದ್ರೆ ಏನು ಪುಟ್ಟಾ?’ ಮಗು ಅಮ್ಮನ ಮುಖ ನೋಡುತ್ತದೆ. ಆರೋಪಿ ಪರ ವಕೀಲರಿಗೆ ಅಷ್ಟು ಸಾಕು, ‘ಹೇಳಿಕೊಟ್ಟ ಸಾಕ್ಷಿ’ ಎಂದು ವಾದಿಸಲು.

ಒಂದು ಕೇಸಿನಲ್ಲಿ ಮಗು ಗುಪ್ತಾಂಗಕ್ಕೆ ಮನೆಯಲ್ಲಿ ಬಳಸುವ ಒಂದು ಮುದ್ದಿನ ಹೆಸರು ಹೇಳಿತ್ತು. ಹೊರಗಿನವರಿಗೆ ಅದೊಂದು ತಿಂಡಿಯ ಹೆಸರು. ಅಪ್ಪನಿಗೆ ನಾಚಿಕೆಯಾಗಿ ದೂರಿನಲ್ಲಿ ‘ದೇಹದ ಭಾಗಗಳನ್ನು’ ಎಂದು ಬರೆಸಿದರು. ಡಾಕ್ಟರ ಮುಂದೆ, ಮ್ಯಾಜಿಸ್ಟ್ರೇಟರ ಮುಂದೆ, ಕೊನೆಗೆ ವಿಶೇಷ ಕೋರ್ಟಿನಲ್ಲಿ ಮಗು ಹೇಳಿದ್ದು ಮಾತ್ರ ಅದೇ ತಿಂಡಿಯ ಹೆಸರು. ಅದು ಎಲ್ಲಿಯೂ ಮಾತು ಬದಲಿಸಿರಲಿಲ್ಲ. ಬದಲಿಸಿದ್ದು ದೊಡ್ಡವರು. ಮನೆಯಲ್ಲಿ ಆ ಹೆಸರಿಗೆ ಏನು ಅರ್ಥ ಎಂದು ದೂರಿನಲ್ಲೇ ಒಂದು ಸಾಲು ಇದ್ದಿದ್ದರೆ ಆ ತಾಯಿ ಕಟಕಟೆಯಲ್ಲಿ ನಿಂತು ಅಷ್ಟು ಹೊತ್ತು ವಿವರಿಸಬೇಕಾಗಿರಲಿಲ್ಲ.

ಕಾನೂನು ಇಲ್ಲಿ ನಮಗಿಂತ ಜಾಣ. ಮಗುವೇ ಮಾಹಿತಿ ಕೊಟ್ಟರೆ ಪೊಲೀಸರು ಅದನ್ನು ಮಗುವಿಗೆ ಅರ್ಥವಾಗುವ ಸರಳ ಭಾಷೆಯಲ್ಲಿ ಬರೆದುಕೊಳ್ಳಬೇಕು ಎನ್ನುತ್ತದೆ 19ನೇ ಕಲಂ. ಮ್ಯಾಜಿಸ್ಟ್ರೇಟರು ಹೇಳಿಕೆಯನ್ನು ಮಗು ಹೇಳಿದ ಹಾಗೆಯೇ ದಾಖಲಿಸಬೇಕು ಎನ್ನುತ್ತದೆ 25ನೇ ಕಲಂ. ಹೇಳಿದ ಹಾಗೆಯೇ! (ಮ್ಯಾಜಿಸ್ಟ್ರೇಟರ ಮುಂದಿನ ಈ ಹೇಳಿಕೆಯನ್ನು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಕಲಂ ಹಿಡಿದು ನಾವು ‘164 ಹೇಳಿಕೆ’ ಎನ್ನುತ್ತಿದ್ದೆವಲ್ಲ, 2024ರ ಜುಲೈ 1ರಿಂದ ಅದು ಹೊಸದಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 183ನೇ ಕಲಂ.) ಮಗುವಿನ ಭಾಷೆ ಬೇರೆಯಾಗಿದ್ದರೆ ದುಭಾಷಿಯನ್ನು ಕೊಡಬೇಕು. ಅಪ್ಪ ಅಮ್ಮ ಅಥವಾ ಮಗು ನಂಬುವ ಯಾರಾದರೂ ಜೊತೆಗಿರಬಹುದು. ಜೊತೆಗಿರಬಹುದು, ಅಷ್ಟೇ. ನಡುವೆ ಬಾಯಿ ಹಾಕುವುದಕ್ಕಲ್ಲ.

ಹಾಗಾದರೆ ದೂರು ಹೇಗಿರಬೇಕು? ‘ಮಗಳು ನನಗೆ ಹೀಗೆ ಹೇಳಿದಳು’ ಎಂದು ಶುರು ಮಾಡಿ, ಅವಳ ಮಾತನ್ನು ಅವಳದೇ ಮಾತಿನಲ್ಲಿ ಬರೆಯಿರಿ. ಅವಳು ಹೇಳಿದ ದಿನವೇ ಒಂದು ಕಾಗದದಲ್ಲಿ ಗುರುತು ಹಾಕಿಟ್ಟುಕೊಂಡರೆ ಒಳ್ಳೆಯದು. ‘ಅವನು ಇಲ್ಲಿ ಮುಟ್ಟಿದ ಅಲ್ವಾ?’ ಎಂದು ಕೇಳಬೇಡಿ. ‘ಆಮೇಲೆ ಏನಾಯ್ತು?’ ಸಾಕು. ಅದನ್ನೂ ಹತ್ತು ಜನ ಹತ್ತು ಸಲ ಕೇಳುವುದು ಬೇಡ. ಪಕ್ಕದ ಕೋಣೆಯಲ್ಲಿ ಕೂತು ‘ಮಾನ ಹೋಯ್ತು’ ಎಂದು ಗೋಳಾಡುವವರನ್ನು ದಯವಿಟ್ಟು ಮನೆಗೆ ಕಳಿಸಿ. ಅದು ಮಗುವಿನ ಕಿವಿಗೆ ಬೀಳುತ್ತದೆ, ಮುಂದೆ ಅದು ಬಾಯಿ ಬಿಡುವುದಿಲ್ಲ. ಗಂಡು ಮಗುವಾದರೆ ‘ಹುಡುಗನಿಗೆ ಏನಾಗತ್ತೆ ಬಿಡಿ’ ಎನ್ನುವವರನ್ನೂ ಅವರ ಜೊತೆಗೇ ಕಳಿಸಬಹುದು. 18ರ ಒಳಗಿನ ಹುಡುಗ ಹುಡುಗಿ ಇಬ್ಬರೂ ಈ ಕಾಯ್ದೆಗೆ ಮಕ್ಕಳೇ.

ದಿನಾಂಕದ ವಿಷಯದಲ್ಲಿ ಜಾಸ್ತಿ ಎಡವಟ್ಟಾಗುತ್ತದೆ. ಮಗು ‘ಅಜ್ಜಿ ಊರಿಂದ ಬಂದ ದಿನ’ ಎನ್ನುತ್ತದೆ. ಟೈಪ್ ಮಾಡುವವರಿಗೆ ಅದು ಸಾಲುವುದಿಲ್ಲ. ಸುಮ್ನೆ ಒಂದು ತಾರೀಕು, ‘ಸಂಜೆ ಸುಮಾರು 4.30 ಗಂಟೆಗೆ’ ಎಂದು ಸೇರಿಸುತ್ತಾರೆ. ಆ ದಿನ ಆ ಹೊತ್ತಿಗೆ ಮಗು ಶಾಲೆಯಲ್ಲಿತ್ತು ಎಂದು ಹಾಜರಿ ಪುಸ್ತಕ ಹೇಳಿದರೆ? ಅಜ್ಜಿ ಬಂದ ದಿನ ಎಂದೇ ಬರೆಯಿರಿ. ಅದು ಯಾವ ದಿನ ಎಂದು ಪತ್ತೆ ಹಚ್ಚುವುದು ತನಿಖೆ ಮಾಡುವವರ ಕೆಲಸ.

ದೂರಿನಲ್ಲಿ ಇಂಥ ತಪ್ಪುಗಳಿದ್ದ ಮಾತ್ರಕ್ಕೆ ಕೇಸು ಬಿದ್ದೇ ಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ಎಫ್‌ಐಆರ್‌ನಲ್ಲಿ ಎಲ್ಲ ವಿವರವೂ ಇರಬೇಕಿಲ್ಲ ಎಂದು ಕೋರ್ಟುಗಳೇ ಎಷ್ಟೋ ಸಲ ಹೇಳಿವೆ. ಒಂದೊಂದು ಕೇಸೂ ಬೇರೆ, ನಿಮ್ಮ ವಕೀಲರನ್ನು ಕೇಳಿಯೇ ಮುಂದುವರಿಯಿರಿ. ಈಗಾಗಲೇ ಅಂಥ ದೂರು ಕೊಟ್ಟಾಗಿದ್ದರೆ ಚಾರ್ಜ್‌ಶೀಟ್‌ಗೆ ಮುಂಚೆ ತನಿಖಾಧಿಕಾರಿಯ ಬಳಿ ಹೆಚ್ಚುವರಿ ಹೇಳಿಕೆ ಕೊಡಬಹುದು. ಅದರಲ್ಲಿ ಮೊದಲ ದೂರನ್ನು ಯಾರು ಬರೆದುಕೊಟ್ಟರು ಎಂಬುದನ್ನೂ ಹೇಳಿ. ಉಪಕಾರ ಮಾಡಿದವರ ಹೆಸರು ಎತ್ತುವುದು ಹೇಗೆ ಎಂದು ಜನ ಹಿಂದೆಗೆಯುತ್ತಾರೆ. ಆದರೆ ‘ಕಾಮತೃಷೆ’ ಯಾರ ಮಾತು ಎಂದು ಕೋರ್ಟಿನಲ್ಲಿ ಕೇಳಿದಾಗ ಉತ್ತರ ಕೊಡಬೇಕಾದವರು ಅದನ್ನು ಬರೆದವರೇ ಹೊರತು ಮಗು ಅಲ್ಲ.