ಡ್ಯೂರರ್ ಕೊರೆದ ಮೇರಿ ಮತ್ತು ಮಗು: ಎರಡು ತಾಮ್ರದಚ್ಚುಗಳು

ಮೇರಿ, ಮಡಿಲಲ್ಲಿ ಕೂಸು ಯೇಸು. ಜರ್ಮನಿಯ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ ಇದನ್ನು ತಾಮ್ರದ ತಗಡಿನ ಮೇಲೆ ಮತ್ತೆ ಮತ್ತೆ ಕೊರೆದಿದ್ದಾನೆ. ನಾವು ಎರಡನ್ನು ಪಕ್ಕಪಕ್ಕ ಇಟ್ಟು ನೋಡೋಣ: ಸುಮಾರು 1498ರ ‘ಕೋತಿಯ ಜೊತೆ ಮೇರಿ’, 1514ರ ‘ಗೋಡೆಯ ಬಳಿ ಮೇರಿ’.

ಮೊದಲು ಕೆಲಸದ ರೀತಿ. ಮರದಚ್ಚಿನಲ್ಲಿ ಗೆರೆ ಉಳಿಸಿ ಸುತ್ತಲಿನ ಮರ ಕೆತ್ತಿ ತೆಗೆಯುತ್ತಾರೆ. ತಾಮ್ರದಚ್ಚಿನಲ್ಲಿ ಉಲ್ಟಾ. ಬ್ಯೂರಿನ್ ಎಂಬ ಚೂಪು ಉಕ್ಕಿನ ಉಳಿಯನ್ನು ಅಂಗೈಯಿಂದ ತಳ್ಳುತ್ತಾ ಗೆರೆಯನ್ನೇ ತೋಡುತ್ತಾರೆ. ಬಾಗಿದ ಗೆರೆ ಬೇಕಾದರೆ ತಗಡನ್ನೇ ತಿರುಗಿಸುತ್ತಾರೆ. ಆಮೇಲೆ ಮಸಿ ಸವರಿ ಒರೆಸಿದರೆ ಗೆರೆಯೊಳಗಿನ ಮಸಿ ಮಾತ್ರ ಉಳಿಯುತ್ತದೆ. ಒದ್ದೆ ಕಾಗದ ಹಾಸಿ ಉರುಳೆಗಳ ನಡುವೆ ಒತ್ತಿದಾಗ ಚಿತ್ರ ಮೂಡುತ್ತದೆ, ಎಡಬಲ ಅದಲುಬದಲಾಗಿ. ಡ್ಯೂರರ್‌ನ ಅಪ್ಪ ಜರ್ಮನಿಯ ನ್ಯೂರೆಂಬರ್ಗ್ ಊರಿನ ಅಕ್ಕಸಾಲಿಗ. ಮಗ ಮೊದಲು ಕಲಿತದ್ದೂ ಅದೇ ಕಸುಬು. ಉಳಿಯ ಮೇಲೆ ಅಷ್ಟು ಹಿಡಿತ ಸುಮ್ನೆ ಬರಲಿಲ್ಲ, ಅಲ್ವಾ?

ಇಲ್ಲಿ ಬೂದು ಬಣ್ಣವೇ ಇಲ್ಲ ಅನ್ನುವುದು ನೆನಪಿರಲಿ. ಗೆರೆ ಒತ್ತೊತ್ತಾದರೆ ನೆರಳು, ವಿರಳವಾದರೆ ಬೆಳಕು.

ಕೋತಿಯ ಚಿತ್ರದಲ್ಲಿ ಮೇರಿ ಹುಲ್ಲು ಬೆಳೆದ ಕಟ್ಟೆಯ ಮೇಲೆ ಕೂತಿದ್ದಾಳೆ. ಮಗು ಹಕ್ಕಿಯ ಜೊತೆ ಆಡುತ್ತಿದೆ. ಕೆಳಗೆ ಕಟ್ಟಿಹಾಕಿದ ಕೋತಿ. ಕೋತಿ ಎಂದರೆ ಪಾಪ, ಕಟ್ಟಿಹಾಕಿದ್ದರಿಂದ ಪಾಪ ಹತೋಟಿಗೆ ಬಂದಿದೆ. ಪರೀಕ್ಷೆಗೆ ಇಷ್ಟು ಸಾಕಾಗಬಹುದು, ಚಿತ್ರಕ್ಕೆ ಸಾಲದು. ಹಿಂದಿರುವ ಮನೆ ನೋಡಿ. ಅದು ನ್ಯೂರೆಂಬರ್ಗ್ ಹತ್ತಿರ ನೀರಿನ ನಡುವೆ ಇದ್ದ ಮನೆ. ಡ್ಯೂರರ್ ಅದನ್ನು ಮೊದಲೇ ಜಲವರ್ಣದಲ್ಲಿ ಬಿಡಿಸಿದ್ದ. ಆ ಹಾಳೆ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಮೇರಿಯನ್ನು ತಂದು ತನ್ನೂರ ಬಯಲಲ್ಲೇ ಕೂರಿಸಿದ್ದಾನೆ!

1514ರಲ್ಲಿ ಅವಳು ಪೂರ್ತಿ ಅಲ್ಲಿನವಳೇ. ಸೊಂಟದಲ್ಲಿ ಬೀಗದ ಕೈ, ದುಡ್ಡಿನ ಚೀಲ, ಮನೆಯ ಯಜಮಾನಿ. ಹಿಂದೆ ನ್ಯೂರೆಂಬರ್ಗ್ ಕೋಟೆ. ಗೆರೆಯ ಕೆಲಸವೂ ಬದಲಾಗಿದೆ, ನನಗೆ ಮುಖ್ಯ ಅನಿಸುವುದು ಇದು. ಹಳೆಯ ಚಿತ್ರದಲ್ಲಿ ಗೆರೆ ಮೈಯನ್ನು, ಬಟ್ಟೆಯ ಮಡಿಕೆಯನ್ನು ಬಳಸಿ ಹೋಗಿ ಉಬ್ಬುತಗ್ಗು ತೋರಿಸುತ್ತದೆ. ಹೊಸದರಲ್ಲಿ ಕಲ್ಲು ಒರಟು, ಬಟ್ಟೆ ಮೆತ್ತಗೆ ಅನ್ನುವುದೂ ಗೆರೆಯಿಂದಲೇ ಗೊತ್ತಾಗುತ್ತದೆ. ಇಡೀ ಹಾಳೆಗೆ ಬೆಳ್ಳಿಯ ಛಾಯೆ. ಅದೇ ವರ್ಷ ಅವನು ಕೊರೆದ ಇನ್ನೊಂದು ತಾಮ್ರದಚ್ಚು ‘ಮೆಲಂಕೋಲಿಯಾ’ದಲ್ಲೂ ಇದೇ ಕೈಚಳಕ. ಅಲ್ಲಿನ ರೆಕ್ಕೆಯ ಹೆಣ್ಣಿಗೂ ಬೀಗದ ಕೈ, ಚೀಲ ಇವೆ.

ಆ ವರ್ಷ ಮೇ ತಿಂಗಳಲ್ಲಿ ಡ್ಯೂರರ್‌ನ ತಾಯಿ ತೀರಿಹೋದಳು. ಮೇರಿಯ ಗಂಭೀರ ಮುಖವನ್ನು ಅದಕ್ಕೆ ಜೋಡಿಸುವ ಆಸೆ ಆಗುತ್ತದೆ. ಚಿತ್ರದ ಮೇಲಿರುವುದು ಬರೀ ಇಸವಿ, ತಿಂಗಳಿಲ್ಲ. ಹಾಗಾಗಿ ನಾನು ಜೋಡಿಸುವುದಿಲ್ಲ.

ಆನ್‌ಲೈನ್‌ನಲ್ಲಿ ಹೋಲಿಸುವಾಗ ಒಂದು ಎಚ್ಚರ: ತಾಮ್ರ ಮೆತ್ತಗಿನ ಲೋಹ. ಒತ್ತಿದಷ್ಟೂ ಗೆರೆ ಸವೆಯುತ್ತದೆ. ಕೊನೆಕೊನೆಯ ಪ್ರತಿಗಳು ಮಂಕಾಗಿರುತ್ತವೆ. ಮಂಕು ಪ್ರತಿ ನೋಡಿ ಡ್ಯೂರರ್‌ನ ಗೆರೆಯೇ ಹೀಗೆ ಅಂತ ಬರೆದುಬಿಡಬೇಡಿ.